ನಾಲ್ಕನೇ ಬಿಲ್ಲೆಯ ತೂತು

ಭಾನುವಾರದ ಪುರವಣಿಯ ಕೊನೆಯ ಪುಟದ ಕೆಳಮೂಲೆಯಲ್ಲಿ, ಅಂಗೈಯಗಲದ ಜಾಗದಲ್ಲಿ, 'ಲೆಕ್ಕದ ಮೂಲೆ' ಎಂಬ ಅಂಕಣ ಹನ್ನೊಂದು ವರ್ಷಗಳಿಂದ ಬರುತ್ತಿತ್ತು. ಅದನ್ನು ಬರೆಯುತ್ತಿದ್ದವಳನ್ನು ಪತ್ರಿಕಾಲಯದಲ್ಲಿ ಎಲ್ಲರೂ ಶೇಷಮ್ಮ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅದಲ್ಲ. ಯಾರು ಯಾವ ಲೆಕ್ಕ ಹಿಡಿದು ಬಂದರೂ ಅವಳ ಮೊದಲ ಪ್ರಶ್ನೆ "ಶೇಷ ಎಷ್ಟು?" ಎಂದು. ಪ್ರಶ್ನೆಯೇ ಹೆಸರಾಗಿ ಅಂಟಿಕೊಂಡಿತು. ಕರಡು ತಿದ್ದುವುದು ಅವಳ ಸಂಬಳದ ಕೆಲಸ, ಅಂಕಣ ಪ್ರೀತಿಯ ಕೆಲಸ. ಕ್ರೀಡಾ ಪುಟದವರು ಅಚ್ಚಾದ ತಪ್ಪುಗಳಿಗೆ ತಿಂಗಳಿಗೆ ಆರು ತಿದ್ದುಪಡಿ ಹಾಕುತ್ತಿದ್ದರು, ರಾಜಕೀಯದವರು ನಾಲ್ಕು. ಲೆಕ್ಕದ ಮೂಲೆಯದು ಹನ್ನೊಂದು ವರ್ಷಗಳಲ್ಲಿ ಸೊನ್ನೆ. ಆ ಸೊನ್ನೆಯ ಮೇಲೆ ಇದ್ದಷ್ಟು ಮೋಹ ಅವಳಿಗೆ ಒಡವೆಗಳ ಮೇಲೂ ಇರಲಿಲ್ಲ.

ಭಾನುವಾರಗಳಂದು ಹೋಗುವ ಅತ್ತೆಯ ಮನೆಯಲ್ಲಿ ಮಾತ್ರ ಅವಳು ಬರೀ ದೊಡ್ಡ ಸೊಸೆ. ಹಾಡುವುದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದು, ಮುನಿಸಿಕೊಂಡವರನ್ನು ನಗಿಸುವುದು ಎಲ್ಲ ಚಿಕ್ಕ ಸೊಸೆಯ ಪಾಲು. ಚಿಕ್ಕವಳು ನಕ್ಕರೆ ಗೋಡೆ ಗಡಿಯಾರವೂ ಒಂದು ನಿಮಿಷ ನಿಂತು ನೋಡುತ್ತದೆ ಎಂದು ಮಾವ ಹೇಳುತ್ತಿದ್ದರು. ಹಾಗೆ ನಿಂತ ಗಡಿಯಾರವನ್ನು ತಿಂಗಳಿಗೊಮ್ಮೆ ಸ್ಟೂಲು ಹತ್ತಿ ಸರಿಪಡಿಸುತ್ತಿದ್ದವಳು ಶೇಷಮ್ಮ. ಅದನ್ನು ಯಾರೂ ಹೇಳುತ್ತಿರಲಿಲ್ಲ. "ಲೆಕ್ಕ ಅಂದ್ರೆ ದೊಡ್ಡವಳೇ" ಎಂಬ ಒಂದು ಮಾತು ಅವಳಿಗೆ ಸಿಕ್ಕಿತ್ತು. ಹದಿನಾರು ವರ್ಷದಿಂದ ಅದೊಂದರ ಬಲದ ಮೇಲೆ ಅವಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಳು.

ಆದ್ದರಿಂದ ಆ ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಕ್ಕವಳು, "ಅಕ್ಕಾ, ನಗಬಾರದು ಆಯ್ತಾ? ನಾನೊಂದು ನಂಬರ್ ಹಿಡಿದಿದೀನಿ" ಎಂದದ್ದೇ ಶೇಷಮ್ಮ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಯಾರ ನಂಬರು? ನಮಗೂ ಸ್ವಲ್ಪ ಹೇಳು" ಎಂದ ಮೈದುನ.

"ನೀವು ಸುಮ್ನೆ ಊಟ ಮಾಡಿ. ಇದು ನಮ್ಮಿಬ್ಬರ ವಿಷ್ಯ."

ಚಿಕ್ಕವಳಿಗೆ ಕೆಲಸ ಸಾರ್ವಜನಿಕ ಗ್ರಂಥಾಲಯದ ಬಾಗಿಲಲ್ಲಿ. ಒಳಗೆ ಹೋಗುವವರ ಚೀಲ ತೆಗೆದುಕೊಂಡು ಗೂಡಿನಲ್ಲಿಟ್ಟು, ಗೂಡಿನ ನಂಬರಿರುವ ಹಿತ್ತಾಳೆಯ ಬಿಲ್ಲೆ ಕೊಡುವುದು. ಹೊರಗೆ ಬರುವಾಗ ಬಿಲ್ಲೆ ತೆಗೆದುಕೊಂಡು ಚೀಲ ಕೊಡುವುದು. ಒಟ್ಟು ಇಪ್ಪತ್ತನಾಲ್ಕು ಬಿಲ್ಲೆಗಳು, ಮೊಳೆಗೆ ತೂಗುಹಾಕಲು ಪ್ರತಿಯೊಂದರ ನೆತ್ತಿಯಲ್ಲೂ ಒಂದು ತೂತು. ಮಧ್ಯಾಹ್ನ ಯಾರೂ ಬಾರದ ಹೊತ್ತಿನಲ್ಲಿ ಅವಳು ಒಂದರಿಂದ ಒಂಬತ್ತರವರೆಗಿನ ಬಿಲ್ಲೆಗಳನ್ನು ಕೌಂಟರಿನ ಮೇಲೆ ಹರಡಿಕೊಂಡು ಆಡುತ್ತಿದ್ದಳಂತೆ.

"ಒಂಬತ್ತನ್ನೂ ಸಾಲಾಗಿ ಇಡೋದು, ಒಂದೊಂದೇ ಸಲ. ಮೊದಲ ಎರಡು ಬಿಲ್ಲೆ ಸೇರಿ ಆಗೋ ಸಂಖ್ಯೆ ಎರಡರಿಂದ ಭಾಗ ಆಗ್ಬೇಕು. ಮೊದಲ ಮೂರು ಬಿಲ್ಲೆ ಮೂರರಿಂದ. ನಾಲ್ಕು ನಾಲ್ಕರಿಂದ. ಹೀಗೇ ಒಂಬತ್ತರ ತನಕ. ಎಲ್ಲೂ ಶೇಷ ಉಳೀಬಾರದು."

'ಶೇಷ' ಎಂಬ ಮಾತು ಆ ಬಾಯಲ್ಲಿ ಬಂದಾಗ ಶೇಷಮ್ಮನಿಗೆ ತನ್ನ ಬಟ್ಟೆಯನ್ನು ಬೇರೆ ಯಾರೋ ಕೇಳದೆ ತೊಟ್ಟು ಬಂದಂತಾಯಿತು.

"ನನಗೊಂದಕ್ಷರ ಅರ್ಥ ಆಗ್ಲಿಲ್ಲ" ಎಂದರು ಅತ್ತೆ, ಮುಖವರಳಿಸಿ. "ಆದ್ರೂ ಎಷ್ಟು ಚೆನ್ನಾಗಿ ಹೇಳಿದ್ಲು ನೋಡಿ. ದೊಡ್ಡವಳು ಹೇಳಿದ್ರೆ ತಲೆನೋವು ಬರುತ್ತೆ."

"ನಾಲ್ಕು ತಿಂಗಳು ಹಿಡೀತು ಅತ್ತೆ. ಅರ್ಧ ಸಾಲು ಇಟ್ಟಿರ್ತೀನಿ, ಯಾರೋ ಬಂದು ಚೀಲ ಕೊಡ್ತಾರೆ, ಬಿಲ್ಲೆ ಕೊಡಲೇಬೇಕಲ್ಲ. ಒಬ್ಬರು ಅಜ್ಜ ಇದಾರೆ, ಅವರಿಗೆ ಏಳೇ ಬೇಕು. ಬೇರೆ ಕೊಟ್ರೆ ಜಗಳ. ಬಾಗಿಲು ಹಾಕೋ ತನಕ ಒಳಗಿಂದ ಎದ್ದೇಳಲ್ಲ. ಏಳಿಲ್ಲದೆ ನಾನು ಸಂಜೆ ತನಕ ಬಾಯಿ ಬಾಯಿ ಬಿಡ್ತಾ ಕೂತಿರ್ತೀನಿ."

ಎಲ್ಲರೂ ನಕ್ಕರು. ಚಿಕ್ಕವಳು ನಾಲ್ಕಾಗಿ ಮಡಿಸಿದ ಒಂದು ಹಾಳೆಯನ್ನು ಶೇಷಮ್ಮನ ತಟ್ಟೆಯ ಪಕ್ಕದಲ್ಲಿಟ್ಟಳು. "ಬಿಲ್ಲೆ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದೀನಿ. ಬರೆಯೋದಕ್ಕಿಂತ ಹೀಗೆ ಚೆಂದ ಅಲ್ವಾ? ಇಂಥದ್ದು ಇದೊಂದೇ ಇರಬಹುದು ಅನ್ಸುತ್ತೆ. ನಂಗೆ ಗೊತ್ತಿಲ್ಲ, ನೀವೇ ಹೇಳ್ಬೇಕು."

ಶೇಷಮ್ಮ ಹಾಳೆಯನ್ನು ಬಿಡಿಸಲಿಲ್ಲ. ಹಾಗೇ ಚೀಲಕ್ಕೆ ಸೇರಿಸಿ, "ನೋಡ್ತೀನಿ. ಇಂಥವು ಆಫೀಸಿಗೆ ವಾರಕ್ಕೆ ಹತ್ತು ಬರ್ತವೆ" ಎಂದಳು. ವಾರಕ್ಕೆ ಬರುತ್ತಿದ್ದುದು ಎರಡು ಪತ್ರ. ಅದರಲ್ಲೊಂದು ಪದಬಂಧದ ಉತ್ತರ ಕೇಳಿ.

ಸೋಮವಾರ ಕಚೇರಿಗೆ ಹೋದವಳು ಕರಡುಗಳನ್ನು ಪಕ್ಕಕ್ಕೆ ತಳ್ಳಿ ಮೊದಲು ಹಾಳೆ ಬಿಡಿಸಿದಳು. ಒಂಬತ್ತು ಬೂದು ವೃತ್ತಗಳು, ಒಳಗೆ ಕಪ್ಪಾಗಿ ಎದ್ದ ಅಂಕಿಗಳು. ಬಿಲ್ಲೆಗಳನ್ನು ನೆಟ್ಟಗೆ ಇಡುವ ವ್ಯವಧಾನವೂ ಚಿಕ್ಕವಳಿಗೆ ಇದ್ದಂತಿರಲಿಲ್ಲ. ನಾಲ್ಕರ ಬಿಲ್ಲೆ ಮಗ್ಗುಲಾಗಿ ಮಲಗಿತ್ತು. ಏಳರದ್ದು ತಲೆಕೆಳಗಾಗಿ ನಿಂತಿತ್ತು. ಅಚ್ಚುಕಟ್ಟು ಅನ್ನೋದು ಹುಟ್ಟಿನಿಂದ ಬರಬೇಕು ಎಂದುಕೊಂಡು ಶೇಷಮ್ಮ ಅಂಕಿಗಳನ್ನು ಕೆಳಗೆ ತನ್ನ ಕೈಯಲ್ಲಿ ದುಂಡಗೆ ಬರೆದುಕೊಂಡಳು: 381954726. ಒಂದರಿಂದ ಒಂಬತ್ತು ಎಲ್ಲವೂ ಒಂದೊಂದು ಸಲ ಬಂದಿವೆಯೇ ಎಂದು ನೋಡಿದಳು. ಬಂದಿದ್ದವು.

ಮೂವತ್ತೆಂಟು, ಎರಡರಿಂದ ಹೋಗುತ್ತದೆ. ಮುನ್ನೂರ ಎಂಬತ್ತೊಂದು, ಮೂರರಿಂದ ಹೋಗುತ್ತದೆ, ನೂರಿಪ್ಪತ್ತೇಳು ಸಲ. ಮೂರು ಸಾವಿರದ ಎಂಟುನೂರ ಹತ್ತೊಂಬತ್ತು, ನಾಲ್ಕರಿಂದ. ಒಂಬೈನೂರ ಐವತ್ತನಾಲ್ಕು ಸಲ ಹೋಗಿ...

"ಶೇಷ ಮೂರು!" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟಳು.

ಪಕ್ಕದ ಮೇಜಿನ ಪುಟವಿನ್ಯಾಸಕ ತಲೆಯೆತ್ತಿದ. "ಏನು ಶೇಷಮ್ಮ, ಲಾಟರಿ ಹೊಡೀತಾ?"

"ಅದಕ್ಕಿಂತ ಚೆನ್ನಾಗಿದೆ."

ಮುಂದಿನ ಐದು ಹೆಜ್ಜೆಗಳನ್ನು ನೋಡುವ ಅಗತ್ಯವೇ ಕಾಣಲಿಲ್ಲ. ಅಂದೇ ಅಂಕಣ ಬರೆದಳು. ಆಟದ ನಿಯಮ ವಿವರಿಸಿ, ಗ್ರಂಥಾಲಯದ ನೌಕರರೊಬ್ಬರು ನಾಲ್ಕು ತಿಂಗಳು ಶ್ರಮಿಸಿ ಕಳಿಸಿದ ಸಂಖ್ಯೆಯನ್ನು ಅಚ್ಚುಹಾಕಿ, ಅದು ನಾಲ್ಕನೇ ಹೆಜ್ಜೆಯಲ್ಲೇ ಮುಗ್ಗರಿಸುವುದನ್ನು ತೋರಿಸಿದಳು. ಕೊನೆಯ ಸಾಲು ಹೀಗಿತ್ತು: 'ಉತ್ಸಾಹ ಒಳ್ಳೆಯದು, ಭಾಗಾಕಾರ ಇನ್ನೂ ಒಳ್ಳೆಯದು.'

ಪುಟವಿನ್ಯಾಸಕ ಓದಿ ಮೂಗು ಕೆರೆದುಕೊಂಡ. "ಸ್ವಲ್ಪ ಖಾರ ಆಯ್ತಲ್ವಾ? ಪಾಪ, ಯಾರೋ ಪ್ರೀತಿಯಿಂದ ಕಳಿಸಿದಾರೆ."

"ಸಂಗತಿ ಸರಿ ಇದೆಯೋ ಇಲ್ವೋ?"

"ಸಂಗತಿ ಸರಿ."

"ಹಾಗಾದ್ರೆ ಹೋಗ್ಲಿ."

ಪುರವಣಿ ಗುರುವಾರವೇ ಅಚ್ಚಾಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಕೈ ಬಿಡುವಾಗಿದ್ದಾಗ ಶೇಷಮ್ಮನಿಗೆ ಆಸೆ ಇನ್ನಷ್ಟು ಹಿಗ್ಗಿತು. ಚಿಕ್ಕವಳ ಸಂಖ್ಯೆ ತಪ್ಪು ಎಂದರಷ್ಟೇ ಸಾಲದು, ಅಂಥ ಸಂಖ್ಯೆಯೇ ಇಲ್ಲ ಎಂದು ಮುಂದಿನ ವಾರ ತೋರಿಸಿಬಿಟ್ಟರೆ ವಿಷಯ ಮುಗಿಯುತ್ತದೆ. ಬಿಳಿ ಹಾಳೆ ತೆಗೆದು ಒಂಬತ್ತು ಮನೆಗಳನ್ನು ಗೀಚಿದಳು.

ಒಂಬತ್ತು ಅಂಕಿಗಳನ್ನು ಸಾಲಾಗಿ ಇಡಲು ಮೂರು ಲಕ್ಷ ಅರವತ್ತೆರಡು ಸಾವಿರದ ಎಂಟುನೂರ ಎಂಬತ್ತು ಬಗೆಗಳಿವೆ. ಆದರೆ ಐದನೇ ಮನೆಯಲ್ಲಿ ಐದಲ್ಲದೆ ಬೇರೇನೂ ಕೂರದು. ಸೊನ್ನೆ ಆಟದಲ್ಲೇ ಇಲ್ಲ. ಎರಡು, ನಾಲ್ಕು, ಆರು, ಎಂಟನೇ ಮನೆಗಳಲ್ಲಿ ಸಮ ಅಂಕಿಗಳೇ ಬರಬೇಕು. ಇಲ್ಲಿ ಅವಳ ಪೆನ್ನು ಒಂದು ಕ್ಷಣ ನಿಂತಿತು. ನಾಲ್ಕನೇ ಮನೆಯಲ್ಲಿ ಚಿಕ್ಕವಳು ಇಟ್ಟದ್ದು ಒಂಬತ್ತು. ಬೆಸ ಅಂಕಿ. ನಾಲ್ಕರಿಂದ ಭಾಗವಾಗಬೇಕಾದ ಸಂಖ್ಯೆಯ ಕೊನೆಗೆ ಒಂಬತ್ತು ಬಾರದೆಂದು ಬಿಲ್ಲೆಗಳ ಜೊತೆ ನಾಲ್ಕು ತಿಂಗಳು ಕಳೆದವಳಿಗೆ ಹೊಳೆಯಲಿಲ್ಲವೇ? ಪೆದ್ದಿ ಎಂದುಕೊಂಡಳು. ಚಿಕ್ಕವಳು ಪೆದ್ದಿಯಲ್ಲ ಎಂಬುದೂ ಗೊತ್ತಿತ್ತು. ಮನಸ್ಸಿಗೆ ಮುಳ್ಳು ತಾಗಿದಂತಾದರೂ ಮುಂದುವರಿದಳು.

ಮೂರರ, ಆರರ, ಎಂಟರ ನಿಯಮಗಳನ್ನು ಒಂದೊಂದಾಗಿ ಹಾಕುತ್ತ ಹೋದಂತೆ ಮೂರೂವರೆ ಲಕ್ಷಕ್ಕೆ ಮೀರಿದ ಗುಂಪು ಕರಗಿ ಹತ್ತಕ್ಕೆ ಇಳಿಯಿತು. ಒಂಬತ್ತರಿಂದ ಒಂದಕ್ಕೆ ಮೆಟ್ಟಿಲಿಳಿಯುವ 987654321 ಕೂಡ ಆ ಹತ್ತರಲ್ಲಿತ್ತು. ಅದು ಗೆದ್ದರೆ ಚೆನ್ನ, ನೆನಪಿಡಲು ಸುಲಭ, ತಾನೇ ಕಂಡುಹಿಡಿದದ್ದೆಂದು ಹಾಕಬಹುದು ಎಂದು ಮನಸ್ಸು ಆಗಲೇ ಲೆಕ್ಕ ಹಾಕಿತು. ಉಳಿದದ್ದು ಏಳರ ಪರೀಕ್ಷೆ ಒಂದೇ. ಹತ್ತರ ಮೊದಲ ಏಳೇಳು ಅಂಕಿಗಳನ್ನು ತೆಗೆದುಕೊಂಡು ಭಾಗಿಸತೊಡಗಿದಳು. ಮೊದಲನೆಯದಕ್ಕೆ ಶೇಷ ಆರು. ಎರಡನೆಯದಕ್ಕೆ ಎರಡು. ಮೂರನೆಯದಕ್ಕೆ ಐದು. ಮೆಟ್ಟಿಲಿನ ಸಂಖ್ಯೆಗೂ ಐದು. ಒಂಬತ್ತು ಬಿದ್ದವು. ಒಂದು ಬೀಳಲಿಲ್ಲ. ಮೂವತ್ತೆಂಟು ಲಕ್ಷದ ಹದಿನಾರು ಸಾವಿರದ ಐನೂರ ನಲವತ್ತೇಳು, ಏಳರಿಂದ: ಐದು ಲಕ್ಷದ ನಲವತ್ತೈದು ಸಾವಿರದ ಇನ್ನೂರ ಇಪ್ಪತ್ತೊಂದು. ಶೇಷ ಇಲ್ಲ.

ಪೂರ್ತಿ ಸಂಖ್ಯೆ 381654729.

ಅವಳು ಅದನ್ನೇ ನೋಡುತ್ತ ಕೂತಳು. ಆಮೇಲೆ ಖಾನೆ ಎಳೆದು ಚಿಕ್ಕವಳ ಹಾಳೆ ತೆಗೆದಳು. ಈ ಸಲ ಅಂಕಿಗಳನ್ನು ನೋಡಲಿಲ್ಲ, ತೂತುಗಳನ್ನು ನೋಡಿದಳು. ಪ್ರತಿ ಬೂದು ವೃತ್ತದ ಅಂಚಿನಲ್ಲೂ ಸಾಸಿವೆಯಷ್ಟು ಬಿಳಿ ಚುಕ್ಕೆ. ಮೂರರ ಚುಕ್ಕೆ ಮೇಲೆ. ಎಂಟರದ್ದೂ ಮೇಲೆ. ಮಗ್ಗುಲಾಗಿದ್ದ ನಾಲ್ಕರ ಚುಕ್ಕೆ ಎಡಕ್ಕೆ. ತಲೆಕೆಳಗಾದ ಏಳರ ಚುಕ್ಕೆ ಕೆಳಗೆ. ಸಾಲಿನ ನಾಲ್ಕನೇ ಬಿಲ್ಲೆಯದೂ ಕೆಳಗೆ, ಕೊನೆಯ ಬಿಲ್ಲೆಯದೂ ಕೆಳಗೆ. ಹಾಳೆಯನ್ನು ತಿರುಗಿಸಿ ಹಿಡಿದಳು. ಒಂಬತ್ತು ಆರಾಯಿತು. ಆರು ಒಂಬತ್ತಾಯಿತು. ಒಂದೇ ತಿರುಗಿದ್ದರೆ ಎರಡು ಒಂಬತ್ತೋ ಎರಡು ಆರೋ ಕಂಡು ಕೂಡಲೇ ಗೊತ್ತಾಗುತ್ತಿತ್ತು. ಎರಡೂ ತಿರುಗಿ, ಒಂದರ ತಪ್ಪನ್ನು ಇನ್ನೊಂದು ಮುಚ್ಚಿಬಿಟ್ಟಿತ್ತು. ಏಳು ತಲೆಕೆಳಗಾಗಿರುವುದನ್ನು ಕಂಡು ಮೂಗು ಮುರಿದ ತನಗೆ, ಪಕ್ಕದಲ್ಲಿ ಇನ್ನೆರಡು ಹಾಗೇ ಇರಬಹುದೆಂದು ತೋಚಿರಲಿಲ್ಲ.

ಮೊದಲು ಬಂದದ್ದು ನಾಚಿಕೆಯಲ್ಲ. ಇನ್ನೊಂದಾದರೂ ಇರಬಾರದಿತ್ತೇ ಎಂಬ ಸಂಕಟ ಬಂತು. ಹತ್ತನ್ನೂ ಮತ್ತೆ ಮೊದಲಿನಿಂದ ಭಾಗಿಸಿದಳು. ಮನೆಗಳನ್ನು ಮತ್ತೆ ಗೀಚಿ, ಎಲ್ಲಾದರೂ ಹನ್ನೊಂದನೆಯದು ಕಣ್ತಪ್ಪಿದೆಯೇ ಎಂದು ಹುಡುಕಿದಳು. ಇಂಥವು ಎರಡಿದ್ದಿದ್ದರೆ ಒಂದನ್ನು ಚಿಕ್ಕವಳಿಗೆ ಬಿಟ್ಟು ಇನ್ನೊಂದನ್ನು ತಾನಿಟ್ಟುಕೊಳ್ಳಬಹುದಿತ್ತು. ಇಲ್ಲ. ಮೂರು ಲಕ್ಷ ಅರವತ್ತೆರಡು ಸಾವಿರದಲ್ಲಿ ಇರುವುದು ಒಂದೇ. ದೊಡ್ಡ ದೊಡ್ಡ ಗಣಿತದ ಪುಸ್ತಕಗಳಲ್ಲಿ ಅದು ಎಂದೋ ಅಚ್ಚಾಗಿಯೂ ಇದ್ದೀತು. ಆ ಮಾತು ಬೇರೆ. ಈ ಮನೆತನದಲ್ಲಿ ಅದು ಮೊದಲು ಸಿಕ್ಕಿದ್ದು ಚೀಲ ಕಾಯುವವಳ ಕೈಗೆ.

ಭಾನುವಾರ ಅವಳು ಅತ್ತೆಯ ಮನೆಗೆ ಹೋಗುವ ಹೊತ್ತಿಗೆ ಪುರವಣಿ ಊಟದ ಮೇಜಿನ ಮೇಲೆ ಬಿದ್ದಿತ್ತು. ಮೈದುನ ಅದನ್ನು ಎತ್ತಿಕೊಂಡು ವಾರ್ತೆ ಓದುವವರ ಧಾಟಿಯಲ್ಲಿ ಓದಿದ. 'ಇನ್ನೂ ಒಳ್ಳೆಯದು' ಎಂಬಲ್ಲಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಲ್ಕು ತಿಂಗಳು! ನಾಲ್ಕನೇ ಹೆಜ್ಜೆ! ಲೇ, ತಿಂಗಳಿಗೊಂದು ಹೆಜ್ಜೆ ಇಟ್ಯಲ್ಲೇ!"

ಚಿಕ್ಕವಳು ಕೈ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡಳು. ಅಂಕಿಗಳ ಮೇಲೆ ಬೆರಳಿಟ್ಟು ತುಟಿಯಾಡಿಸುತ್ತ ಓದಿದಳು. ನಾಲ್ಕನೇ ಅಂಕಿಯ ಮೇಲೆ ಬೆರಳು ನಿಂತಿತು. ತಲೆಯೆತ್ತಿ ಶೇಷಮ್ಮನ ಮುಖ ನೋಡಿದಳು, ಒಂದೇ ಸಲ. ಆಮೇಲೆ ಪತ್ರಿಕೆ ಮಡಿಸಿ ಇಟ್ಟಳು.

"ಹೌದು, ನಾನೇ ತಪ್ಪು ಇಟ್ಟಿದ್ದೆ" ಎಂದಳು.

ಎಲ್ಲಿ ಎಡವಿತೆಂದು ಚಿಕ್ಕವಳಿಗೂ ಗೊತ್ತಾಗಿದೆಯೆಂದು ಶೇಷಮ್ಮನಿಗೆ ಅರ್ಥವಾಯಿತು. ಚಿಕ್ಕವಳು ಸುಳ್ಳು ಹೇಳಿರಲಿಲ್ಲ. ಬಿಲ್ಲೆ ತಲೆಕೆಳಗಾಗಿ ಇಟ್ಟವಳು ಅವಳೇ. ಸುಮ್ಮನಿದ್ದರೆ ಮುಗಿಯಿತು. ಹನ್ನೊಂದು ವರ್ಷದ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ.

ಅಷ್ಟರಲ್ಲಿ ಅತ್ತೆ ಚಿಕ್ಕವಳ ಬೆನ್ನು ಸವರಿದರು. "ನೋಡಿ, ತಪ್ಪು ಅಂತ ಒಪ್ಕೊಳೋಕೂ ದೊಡ್ಡ ಮನಸ್ಸು ಬೇಕು. ಇವಳಿಗೆ ಅದಿದೆ."

ಶೇಷಮ್ಮ ಆವರೆಗೆ ಚಿಕ್ಕವಳಿಗೆ ಸಿಕ್ಕಿದ್ದನ್ನೆಲ್ಲ ಸಹಿಸಿದ್ದಳು. ಹಾಡು, ನಗು, ಗಡಿಯಾರ, ಈಗ ಸಂಖ್ಯೆ. ಆದರೆ ತಾನು ಮಾಡಿದ ತಪ್ಪನ್ನೂ ಅವಳೇ ತೆಗೆದುಕೊಂಡು, ಅದಕ್ಕೂ ಹೊಗಳಿಸಿಕೊಳ್ಳುವುದೆಂದರೆ!

"ತಪ್ಪು ಅವಳದ್ದಲ್ಲ, ನಂದು" ಎಂದಳು ಶೇಷಮ್ಮ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಆರನ್ನ ಒಂಬತ್ತು ಅಂತ ಓದಿದೆ. ತಲೆಕೆಳಗಾಗಿ ಓದಿದೆ."

"ಇಲ್ಲ ಅತ್ತೆ, ನಾನೇ ತಲೆಕೆಳಗಾಗಿ ಇಟ್ಟಿದ್ದೆ" ಎಂದಳು ಚಿಕ್ಕವಳು.

"ಓದಿದ್ದು ನಾನು!"

"ಇಟ್ಟಿದ್ದು ನಾನಲ್ವಾ ಅಕ್ಕಾ!"

"ತೂತು ಕೆಳಗಿತ್ತು. ನೋಡ್ಬೇಕಾಗಿತ್ತು. ನೋಡೋದೇ ನನ್ನ ಕೆಲಸ. ಅದಕ್ಕೇ ಸಂಬಳ ಕೊಡೋದು ನಂಗೆ!"

ಮಾವ ತಟ್ಟೆಯಿಂದ ತಲೆಯೆತ್ತಿದರು. "ಆಸ್ತಿಗೆ ಪಾಲು ಕೇಳೋರನ್ನ ಬೇಕಾದಷ್ಟು ನೋಡಿದೀನಿ. ತಪ್ಪಿಗೆ ಪಾಲು ಕೇಳೋರನ್ನ ಇವತ್ತೇ ನೋಡಿದ್ದು."

ಯಾರೂ ನಗಲಿಲ್ಲ. ಶೇಷಮ್ಮನ ಗಂಡ ಮಾತ್ರ ನೀರು ಕುಡಿಯುವ ನೆಪದಲ್ಲಿ ಲೋಟದೊಳಗೆ ನಕ್ಕ. ಅದನ್ನು ಅವಳು ನೋಡಿಯೂ ನೋಡದಂತಿದ್ದಳು.

ಸೋಮವಾರ ಸುದ್ದಿಮನೆಯಲ್ಲಿ ತಿದ್ದುಪಡಿಯ ನಮೂನೆ ಕೇಳಿದಾಗ ಪುಟವಿನ್ಯಾಸಕ ಕುರ್ಚಿ ತಿರುಗಿಸಿದ. "ಯಾರದ್ದು?"

"ನಂದು."

ಅವನು ಎದ್ದು ಹೋಗಿ ಅವಳಿಗೊಂದು ಲೋಟ ಚಹಾ ತಂದಿಟ್ಟ, ಸಾವಿನ ಮನೆಯವರಿಗೆ ತಂದುಕೊಡುವ ಹಾಗೆ.

ನಮೂನೆಯಲ್ಲಿ 'ಕಾರಣ' ಎಂಬ ಕಲಮಿನ ಕೆಳಗೆ ಮೂರು ಚೌಕಗಳಿದ್ದವು: ಮುದ್ರಣದ ದೋಷ, ಮೂಲದ ದೋಷ, ಬರೆದವರ ದೋಷ. ಎರಡನೇ ಚೌಕದ ಮೇಲೆ ಅವಳ ಪೆನ್ನು ಬಹಳ ಹೊತ್ತು ತೂಗಾಡಿತು. ಸುಳ್ಳೇನಲ್ಲ. ಬಂದ ಹಾಳೆಯಲ್ಲೇ ಬಿಲ್ಲೆ ತಿರುಗಿತ್ತು. ಯಾರು ಕೇಳಿದರೂ ಹಾಳೆ ತೋರಿಸಬಹುದು. ಹಾಗೆ ಗುರುತು ಹಾಕಿದರೆ ತಪ್ಪು ಮತ್ತೆ ಚಿಕ್ಕವಳ ಪಾಲಿಗೆ ಹೋಗುತ್ತದೆ, ಅವಳು ಮತ್ತೆ ನಗುನಗುತ್ತ ಒಪ್ಪಿಕೊಳ್ಳುತ್ತಾಳೆ, ಅತ್ತೆ ಮತ್ತೆ ಬೆನ್ನು ಸವರುತ್ತಾರೆ. ಶೇಷಮ್ಮ ಮೂರನೇ ಚೌಕದಲ್ಲಿ ಹಾಳೆ ಹರಿಯುವಷ್ಟು ಒತ್ತಿ ಗುರುತು ಹಾಕಿದಳು.

ತಿದ್ದುಪಡಿ ಅಂಕಣದಷ್ಟೇ ಉದ್ದವಾಯಿತು. ಸಂಖ್ಯೆ 381654729 ಎಂದೂ, ಅದು ಒಂಬತ್ತು ಹೆಜ್ಜೆಗಳನ್ನೂ ಶೇಷವಿಲ್ಲದೆ ದಾಟುತ್ತದೆಂದೂ, ಅದನ್ನು ಬಿಲ್ಲೆಗಳಿಂದ ಕಂಡುಕೊಂಡವರು ಗ್ರಂಥಾಲಯದ ಚೀಲದ ಕೌಂಟರಿನವರೆಂದೂ ಬರೆದಳು. ಆಮೇಲೆ, ಹತ್ತಕ್ಕೆ ಇಳಿದ ಬಗೆ, ಏಳರ ಪರೀಕ್ಷೆ, ಅಂಥದ್ದು ಇನ್ನೊಂದಿಲ್ಲ ಎಂಬುದರ ಸಾಧನೆ. ಆ ಭಾಗ ಮಾತ್ರ ತನ್ನದು. ಅದಕ್ಕೆ ದಪ್ಪ ಅಕ್ಷರ ಹಾಕಲು ಪುಟವಿನ್ಯಾಸಕನಿಗೆ ಹೇಳಿದಳು.

"ತಿದ್ದುಪಡೀಲಿ ದಪ್ಪ ಅಕ್ಷರ ಹಾಕಲ್ಲ ಶೇಷಮ್ಮ."

"ಹನ್ನೊಂದು ವರ್ಷಕ್ಕೆ ಒಂದು ಸಲ ಹಾಕಪ್ಪ."

ಅವನು ಹಾಕಲಿಲ್ಲ.

ಎಂಟು ದಿನ ಬಿಟ್ಟು ಶೇಷಮ್ಮ ಗ್ರಂಥಾಲಯಕ್ಕೆ ಹೋದಳು. ಒಂದು ಸಂಗತಿ ಖಚಿತಪಡಿಸಿಕೊಳ್ಳಬೇಕಾಗಿತ್ತು, ಅದಕ್ಕೆ ಪುಸ್ತಕ ನೋಡುವುದಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಕೌಂಟರಿನ ಗಾಜಿನ ಕೆಳಗೆ ತಿದ್ದುಪಡಿ ಬಂದ ಪತ್ರಿಕೆಯ ತುಣುಕು ಅಂಟಿಸಿತ್ತು. ಒಬ್ಬ ಮುದುಕ ಅದರ ಮೇಲೆ ಬೆರಳಿಟ್ಟುಕೊಂಡು ಹಿಂದೆ ನಿಂತವರಿಗೆ ವಿವರಿಸುತ್ತಿದ್ದ: "ಕೊನೇಗೆ ತೀರ್ಮಾನ ಮಾಡಿದ್ದು ಏಳು. ನನ್ನ ಏಳು. ಅದಕ್ಕೇ ನಾನು ಬೇರೆ ಬಿಲ್ಲೆ ಮುಟ್ಟಲ್ಲ."

"ಅಜ್ಜ, ಜಾಗ ಬಿಡಿ, ನಮ್ಮಕ್ಕ ಬಂದಿದಾರೆ" ಎಂದಳು ಚಿಕ್ಕವಳು. "ಇವರೇ ಅದನ್ನ ಬರೆದೋರು."

"ಓ, ತಲೆಕೆಳಗಾಗಿ ಓದಿದೋರಾ?" ಎಂದ ಅಜ್ಜ, ಬಹಳ ಗೌರವದಿಂದ.

ಶೇಷಮ್ಮ ಚೀಲ ಕೊಟ್ಟಳು. ಚಿಕ್ಕವಳು ಅದನ್ನು ಆರನೇ ಗೂಡಿನಲ್ಲಿಟ್ಟು, ಮೊಳೆಯಿಂದ ಬಿಲ್ಲೆ ತೆಗೆದು, ತೂತು ಮೇಲೆ ಬರುವಂತೆ ತಿರುಗಿಸಿ ಅವಳ ಅಂಗೈಯಲ್ಲಿಟ್ಟಳು. ಅಷ್ಟು ಜೋಪಾನ ಬೇಕಿರಲಿಲ್ಲ.

"ಅಕ್ಕಾ, ಒಂದೇ ಬೇಜಾರು" ಎಂದಳು ದನಿ ತಗ್ಗಿಸಿ. "ಒಂಬತ್ತಕ್ಕೆ ನಿಂತೋಗುತ್ತಲ್ಲ. ಹತ್ತನೇ ಹೆಜ್ಜೆನೂ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಎಷ್ಟು ಹುಡುಕಿದ್ರೂ ದಾರಿ ಕಾಣ್ತಿಲ್ಲ."

ಶೇಷಮ್ಮ ಅವಳ ಹಿಂದಿನ ಗೋಡೆಯನ್ನು ನೋಡಿದಳು. ಸಾಲಾಗಿ ಮೊಳೆಗಳು, ಒಂದರಿಂದ ಇಪ್ಪತ್ತನಾಲ್ಕರವರೆಗೆ. ಸೊನ್ನೆ ನಂಬರಿನ ಗೂಡು ಯಾವ ಗ್ರಂಥಾಲಯದಲ್ಲೂ ಇರುವುದಿಲ್ಲ. ಗೂಡಿಲ್ಲದ ಮೇಲೆ ಬಿಲ್ಲೆಯೂ ಇಲ್ಲ. ಬಿಲ್ಲೆಯಿಲ್ಲದ್ದು ಚಿಕ್ಕವಳ ಆಟಕ್ಕೆ ಬರುವುದಿಲ್ಲ.

3816547290. ಕೊನೆಗೊಂದು ಸೊನ್ನೆ ಇಟ್ಟರೆ ಸಾಕು, ಹತ್ತರಿಂದಲೂ ಭಾಗವಾಗುತ್ತದೆ. ಹತ್ತು ಅಂಕಿಗಳೂ ಒಂದೊಂದು ಸಲ ಬಂದು ಸಾಲು ಪೂರ್ತಿಯಾಗುತ್ತದೆ. ಮುಂದಿನ ಭಾನುವಾರದ ಅಂಕಣ ಅದೇ. ಬರೆದು, ಮೂರು ಸಲ ತಿದ್ದಿ, ಚೀಲದಲ್ಲಿಟ್ಟಿದ್ದಳು.

"ಹ್ಞೂಂ, ಬೇಜಾರೇ" ಎಂದಳು ಶೇಷಮ್ಮ. ಎರಡು ಹೆಜ್ಜೆ ಒಳಗೆ ಹೋದವಳು ತಿರುಗಿ ಬಂದು, ಆರನೇ ಗೂಡಿನಲ್ಲಿ ಚೀಲದ ಜಿಪ್ಪು ಪೂರ್ತಿ ಎಳೆದಿದೆಯೇ ಎಂದು ಕತ್ತು ಚಾಚಿ ನೋಡಿ ಹೋದಳು.